ನರಿ ಅಂದರೆ ನಾನು

ಬಯಲುಸೀಮೆಯವರೇ, ನಿಮ್ಮಲ್ಲಿ ನರಿಯೆಂದರೆ
ಕಬ್ಬಿನ ಗದ್ದೆಗೆ ನುಗ್ಗುವ ಕಳ್ಳ.
ಈ ಕೊಡವರ ನಾಡಲ್ಲಿ ನರಿಯೆಂದರೆ ಹುಲಿ.
ನರಿ ಅಂದರೆ ನಾನು.

ಕೊಂದವನಿಗೇ ನನ್ನ ಮದುವೆ, ಇಲ್ಲಿಯ ಕಟ್ಟಳೆ ಅದು.
ಬಿದಿರ ಚಪ್ಪರದಡಿ ನನ್ನ ಹೆಣ ತೂಗುಹಾಕಿ
ಪಕ್ಕದ ಮುಕ್ಕಾಲಿಯಲ್ಲಿ ಐಚೆಟ್ಟಿಯನ್ನು ಕೂರಿಸಿದರು,
ಬಿಳಿ ಕುಪ್ಯ, ಕೆಂಪು ಚೇಲೆ, ಸೊಂಟಕ್ಕೆ ಪೀಚೆಕತ್ತಿ.
ಬಿರುನಾಣಿಯ ಊರೆಲ್ಲ ಬಂದು ಅಕ್ಕಿ ಹಾಕಿತು,
ಗಿಂಡಿಯಿಂದ ಹಾಲು ಕುಡಿಸಿತು.
ಮದುಮಗ ನನ್ನತ್ತ ನೋಡಲಿಲ್ಲ.
ಯಾಕೆಂದು ನನಗೆ ಗೊತ್ತಿತ್ತು.

ಅವನ ಗುಂಡು ನನ್ನ ಹೊಕ್ಕಾಗ ನಾನು ಸತ್ತು
ಒಂದು ವೀಳ್ಯ ಜಗಿಯುವಷ್ಟು ಹೊತ್ತಾಗಿತ್ತು.
ನೋಯಲಿಲ್ಲ.
ಕೊಂದದ್ದು ಒಂದು ಬಾಣ. ಎಡಗಿವಿಯ ಹಿಂದೆ,
ರೋಮದೊಳಗೆ ಮುಚ್ಚಿಹೋಗುವಷ್ಟೇ ತೂತು.
ಬಿಟ್ಟವನು ಎರವರ ಚಾತ, ಐನ್‌ಮನೆಯ ಗದ್ದೆಯ ಆಳು.
ಬಾಣ ಕಿತ್ತುಕೊಳ್ಳುವಾಗ ನನ್ನ ಕಿವಿಯಲ್ಲಿ
ಏನೋ ಹೇಳಿದ, ತಪ್ಪಾಯಿತು ಅನ್ನುವ ಹಾಗೆ,
ಬಾಯಿಗೊಂದು ಎಲೆಯಿಟ್ಟು ಹೋದ.
ಆಳು ಕೊಂದ ಹುಲಿಗೆ ಮಂಗಲವಿಲ್ಲ.

ಮರುವರ್ಷ ಕೈಲ್‌ಪೊಳ್ದು. ನೆಲ್ಲಕ್ಕಿ ನಡುಬಾಡೆಯ
ತೂಕುಬೊಳ್ಚದ ಕೆಳಗೆ ಕೋವಿ, ಒಡಿಕತ್ತಿ ಸಾಲಾಗಿ,
ನಳಿಗೆಗೊಂದು ತೋಕ್‌ಪೂವು.
ಹಂದಿ ಬೇಯುತ್ತಿತ್ತು, ಕಡಂಬುಟ್ಟು ಆರುತ್ತಿತ್ತು.
ಎಲ್ಲರ ಮುಂದೆ ಐಚೆಟ್ಟಿ ಅಂದ:
‘ನರಿಯನ್ನು ಕೊಂದದ್ದು ನಾನಲ್ಲ.’

ಕೊರವಕಾರ ಬಹಳ ಹೊತ್ತು ಸುಮ್ಮನಿದ್ದ.
‘ನಮಗೇನು ಗೊತ್ತಿರಲಿಲ್ಲವೇ? ನೀನು ಹೇಳಬೇಕಿತ್ತೇ?’
ಅಷ್ಟೆ.
ಅವನ ಕತ್ತಿಯ ಮೇಲಿನ ಹೂ ತೆಗೆದರು.
ಸಂಜೆ ದೀಪಕ್ಕೆ ಹೆಸರು ಹೇಳುವಾಗ
ಅವನ ಹೆಸರಿನ ಜಾಗದಲ್ಲಿ ಕೆಮ್ಮಿ ಮುಂದೆ ಹೋದರು.
ಕೈಮಡದಲ್ಲಿ ಕಲ್ಲಾಗಿದ್ದ ಕಾರಣವರೂ
ಮಗ್ಗುಲು ತಿರುಗಿ ಮಲಗಿದರು.

ಒಂದು ಕೋವಿ, ಒಂದು ಸಲದ ಮದ್ದು, ನಾನು.
ಇಷ್ಟೇ ಅವನ ಗಂಟು.
ಹುಲಿ ಕೊಂದ ಆಳು ಊರಲ್ಲಿರಬಾರದೆಂದು
ಚಾತನನ್ನು ಆಗಲೇ ಏಳು ಕಡಂಗದಾಚೆ ಓಡಿಸಿದ್ದರು.
ಆ ಕಾಲದಲ್ಲಿ ಕಡಂಗಗಳಿಗೆ ಬಾಯಿತ್ತು.
ಒಕ್ಕದ ಹೆಸರು ಹೇಳದವನನ್ನು ನುಂಗುತ್ತಿದ್ದವು.
ಮೊದಲನೆಯದು ಕೇಳಿತು, ‘ಯಾರ ಮನೆಯವ?’
‘ಯಾರವನೂ ಅಲ್ಲ.’
ಮಣ್ಣು ಹಲ್ಲು ಕಿರಿಯಿತು. ಅವನ ನೆರಳಿನಿಂದ ತಲೆಯೆತ್ತಿ
‘ನನ್ನ ಗಂಡ’ ಅಂದೆ.
ಕಡಂಗ ನಕ್ಕಿತು. ನಕ್ಕಾಗ ದಡ ಜರಿದು ದಾರಿಯಾಯಿತು.
ಉಳಿದ ಆರರ ಕಥೆ ಬೇಡ. ಮಂಜು, ಜಿಗಣೆ,
ಒಂದರಲ್ಲಿ ಚೇಲೆ ಹೋಯಿತು, ಇನ್ನೊಂದರಲ್ಲಿ ಎರಡು ಬೆರಳು.

ಚಾತ ಒಲೆ ಊದುತ್ತಿದ್ದ.
ಐಚೆಟ್ಟಿ ಮೊಣಕಾಲೂರಿ ಕೋವಿ ಅಡ್ಡವಿಟ್ಟ.
‘ಈ ಮರ್ಯಾದೆ ನಿನ್ನದು, ತಗೋ. ಇವಳೂ ನಿನ್ನವಳೇ.’
ಚಾತ ತಲೆಯೆತ್ತಲಿಲ್ಲ. ‘ಒಳಗೆ ನನ್ನವಳಿಗೆ ನೋವು ಬಂದಿದೆ.
ಇನ್ನೊಬ್ಬಳನ್ನು ಎಲ್ಲಿ ಮಲಗಿಸಲಿ?
ಮರ್ಯಾದೆ ಅಂತೀಯಲ್ಲ, ಅದರಲ್ಲಿ ನೀರು ನಿಲ್ಲುತ್ತದಾ?
ನಿಂತರೆ ಹೊಳೆಯಿಂದ ತುಂಬಿ ತಾ.’

ತಂದ. ಮಡಕೆಯಲ್ಲಿ, ಬೆರಳಿಲ್ಲದ ಕೈಯಲ್ಲಿ,
ಇಡೀ ರಾತ್ರಿ, ಎಂಟು ಸಲ.
ಹುಟ್ಟಿದಾರಭ್ಯ ಯಾರ ಮನೆಗೂ ನೀರು ಹೊತ್ತವನಲ್ಲ,
ಅರ್ಧ ದಾರಿಯಲ್ಲೇ ಚೆಲ್ಲುತ್ತಿದ್ದ.

ಬೆಳಗಿನ ಜಾವ ಮಗು ಅತ್ತಿತು. ಹೆಣ್ಣು.
ಗಂಡು ಹುಟ್ಟಿದರೆ ಒಂದು ಗುಂಡು, ಅದು ಒಕ್ಕದ ರೂಢಿ.
ಹೆಣ್ಣಿಗಿಲ್ಲ. ಎರವರ ಗುಡಿಸಲಿಗಂತೂ ಇಲ್ಲವೇ ಇಲ್ಲ.
ಐಚೆಟ್ಟಿ ಇದ್ದೊಂದು ಮದ್ದನ್ನು ತುಂಬಿ
ಮುಗಿಲಿಗೆ ಹಾರಿಸಿದ.

ಸತ್ತ ಮೇಲೆ ಮೊದಲ ಸಲ ನಾನು ಬೆಚ್ಚಿದೆ.

ಏಳು ಕಡಂಗದಾಚೆ, ಐನ್‌ಮನೆಯ ಕೈಯಾಲೆಯಲ್ಲಿ
ಕೊರವಕಾರ ಎದ್ದು ಕೂತು ಕೇಳಿದನಂತೆ,
‘ಯಾರ ಮನೆಯಲ್ಲಿ ಗಂಡು?’
ಕೈಮಡದ ಕಲ್ಲೊಂದು ಈ ಕಡೆ ತಿರುಗಿತೆಂದೂ ಹೇಳುತ್ತಾರೆ.
ತಿರುಗಿತೋ ಇಲ್ಲವೋ, ನಾನು ನೋಡಲಿಲ್ಲ.
ಮಗುವಿನ ಎಡಗಿವಿಯ ಹಿಂದೆ
ಮೂಸುತ್ತಿದ್ದೆ.